ಶಾಸ್ತ್ರಕ್ಕೆ ಕಳಿಸಿದ ಹತ್ತನೇ ನಂಬರು

ನಮ್ಮ ಮನೆಯಲ್ಲಿ ಮಳೆ ಅಳೆಯುವವಳು ನಾನು. ಮದುವೆಯಾಗಿ ಬಂದ ವರ್ಷದಿಂದ ಇದು ನನ್ನ ಕೆಲಸ. ಮಾವನವರು ಅಂಗಳದ ಆಚೆ ಕಲ್ಲುಕಂಬದ ಮೇಲೆ ತಾಮ್ರದ ಮಳೆಮಾಪಕ ಇಡಿಸಿದ್ದರು. ಬೆಳಿಗ್ಗೆ ಎಂಟಕ್ಕೆ ಅದರೊಳಗಿನ ನೀರನ್ನು ಗೆರೆ ಎಳೆದ ಗಾಜಿನ ಲೋಟಕ್ಕೆ ಬಗ್ಗಿಸಿ, ಎಷ್ಟು ಇಂಚು ಎಷ್ಟು ಸೆಂಟ್ಸ್ ಎಂದು ಕೂಗಿ ಹೇಳಬೇಕಿತ್ತು. ನೂರು ಸೆಂಟ್ಸ್ ಆದರೆ ಒಂದು ಇಂಚು. ನಾನು ಓದಿದ್ದು ನಾಲ್ಕನೇ ಕ್ಲಾಸು. ನೂರರವರೆಗಿನ ಎಣಿಕೆ ಅಷ್ಟರೊಳಗೆ ಕಲಿಸಿ ಮುಗಿಸಿರುತ್ತಾರೆ, ಹಾಗಾಗಿ ತೊಂದರೆಯಾಗಲಿಲ್ಲ. ನಮ್ಮ ಯಜಮಾನರು ನನಗಿಂತ ಹೆಚ್ಚು ಓದಿದವರು. ಅವರು ಎಂಟಕ್ಕೆ ಏಳುತ್ತಿರಲಿಲ್ಲ.

ಇದನ್ನು ಮೊದಲೇ ಹೇಳಲು ಕಾರಣವಿದೆ. ನನ್ನ ಮೊಮ್ಮಗಳು ಆ್ಯಪ್ ಮಾಡಿದ್ದಾಳೆ. ಮಳೆಯ ಆ್ಯಪ್. ಈ ವಿಷಯವನ್ನು ನಾನು ಸೋಮವಾರಪೇಟೆ ಬಸ್ಸಿನಲ್ಲಿ ಪಕ್ಕ ಕೂತವರಿಗೆ ಹೇಳಿದ್ದೇನೆ, ಗ್ಯಾಸ್ ಸಿಲಿಂಡರ್ ತರುವವನಿಗೆ ಹೇಳಿದ್ದೇನೆ, ಕಣ್ಣಿನ ಡಾಕ್ಟರಿಗೂ ಹೇಳಿದ್ದೇನೆ. ಡಾಕ್ಟರು, ಕೆಳಗಿನ ಸಾಲು ಓದಿ ಅಂದರು. ಓದಿದೆ. ಓದಿ ಮತ್ತೆ ಹೇಳಿದೆ.

ಅವಳು ಮಗನ ಮಗಳು. ಕುಶಾಲನಗರದ ಕಾಲೇಜಿನಲ್ಲಿ ಕಂಪ್ಯೂಟರ್ ಓದುತ್ತಾಳೆ. ಬೆಳಿಗ್ಗೆ ಬಸ್ಸಿಗೆ ಹೋಗಿ ಸಂಜೆ ಮನೆಗೆ ಬರುತ್ತಾಳೆ. ಮೊದಲೆಲ್ಲ ನಮ್ಮ ಕಡೆಯ ಬೆಳೆಗಾರರು ಎಲ್ಲೆಲ್ಲಿ ಎಷ್ಟು ಮಳೆಯಾಯಿತು ಎಂದು ವಾಟ್ಸಾಪ್ ಗುಂಪಿನಲ್ಲಿ ಹಾಕುತ್ತಿದ್ದರು. ಗುಲಾಬಿ ಹೂವು, ಶುಭೋದಯ, ಯಾರದೋ ಹುಟ್ಟುಹಬ್ಬ, ಅವುಗಳ ನಡುವೆ ಮೂವತ್ತೈದು ಸೆಂಟ್ಸ್. ಮಳೆ ಹುಡುಕುವಷ್ಟರಲ್ಲಿ ಬಿಸಿಲು ಬಂದಿರುತ್ತಿತ್ತು. ಅದಕ್ಕೇ ಇವಳು ಈ ಆ್ಯಪ್ ಮಾಡಿದಳು. ಅವರವರ ತೋಟದ ಮಳೆಯನ್ನು ಅವರವರೇ ಹಾಕುವುದು. ಎಲ್ಲರ ಮಳೆಯೂ ಎಲ್ಲರಿಗೂ ಕಾಣುವುದು. ಬೇರೇನೂ ಇಲ್ಲ. ಗುಲಾಬಿ ಹಾಕಲು ಜಾಗವನ್ನೇ ಇಟ್ಟಿಲ್ಲ.

ಆ್ಯಪಿನ ಅಡಿಯಲ್ಲಿ ಸಣ್ಣದಾಗಿ ಒಂದು ನಂಬರು ಇರುತ್ತದೆ. ಅದು ಏನು ಎಂದು ಕೇಳಿದ್ದಕ್ಕೆ, ಏನಾದರೂ ತಿದ್ದಿದಾಗಲೆಲ್ಲ ಅದನ್ನು ಏರಿಸುತ್ತಾ ಹೋಗಬೇಕು ಎಂದಳು. 1.8 ಇದ್ದಾಗ ನಾನೊಂದು ಮಾತು ಹೇಳಿದ್ದೆ. ಅದರಲ್ಲಿ ಚುಕ್ಕಿ ಒತ್ತಲು ನನ್ನ ಬೆರಳಿಗೆ ಆಗುತ್ತಿರಲಿಲ್ಲ, ಪಕ್ಕದ್ದೇ ಒತ್ತಿಹೋಗುತ್ತಿತ್ತು. ಇಂಚಿಗೊಂದು ಖಾನೆ, ಸೆಂಟ್ಸಿಗೊಂದು ಖಾನೆ ಮಾಡಿಕೊಡು ಅಂದೆ. ಮಾಡಿಕೊಟ್ಟಳು. ಅದು 1.9. ನನ್ನ ಬೆರಳಿನ ಸಲುವಾಗಿ ಅಷ್ಟೂ ಜನರ ಫೋನಿನಲ್ಲಿ ಆ್ಯಪ್ ಬದಲಾಯಿತು. ಇದನ್ನೂ ಬಸ್ಸಿನಲ್ಲಿ ಹೇಳಿದೆ.

ಮಾರ್ಚ್ ಬಂತು. ಆ ಹೊತ್ತಿಗೆ ಕಾಫಿಗಿಡದಲ್ಲಿ ಮೊಗ್ಗು ಕೂತಿರುತ್ತದೆ. ಒಂದು ಇಂಚಿನಷ್ಟು ಹೂಮಳೆ ಬಿದ್ದರೆ ಚೆನ್ನಾಗಿ ಅರಳುತ್ತದೆ. ಬೀಳದಿದ್ದರೆ ಪಂಪ್ ಇಟ್ಟು, ಪೈಪ್ ಎಳೆದು, ಸ್ಪ್ರಿಂಕ್ಲರಿನಲ್ಲಿ ನೀರು ಹೊಡೆಯಬೇಕು. ನಾಲ್ಕು ಹನಿ ಬಿದ್ದು ನಿಂತರೆ ಎಲ್ಲಕ್ಕಿಂತ ಕಷ್ಟ. ಮೊಗ್ಗು ಅರೆಬರೆ ಎದ್ದು ಹಾಳಾಗುತ್ತದೆ, ತಕ್ಷಣ ನೀರು ಕೊಡಬೇಕು. ಹಾಗಾಗಿ ಆ ದಿನಗಳಲ್ಲಿ ಎಷ್ಟು ಸೆಂಟ್ಸ್ ಎನ್ನುವುದನ್ನು ಯಾರೂ ಸುಮ್ಮನೆ ಕೇಳುವುದಿಲ್ಲ.

ನಮ್ಮ ಬೇಲಿಯ ಆಚೆಗಿನ ತೋಟ ಒಬ್ಬ ಹಿರಿಯರದು. ಬೆಳೆಗಾರರ ಸಂಘದಲ್ಲಿ ಅವರ ಮಾತಿಗೆ ತೂಕವಿದೆ. ಅವರಿಗೆ ದೂರದ ಬಿಟ್ಟಂಗಾಲದ ಕಡೆ ಇನ್ನೊಂದು ತೋಟವಿದೆ. ಅಲ್ಲಿಯದನ್ನೆಲ್ಲ ನೋಡಿಕೊಳ್ಳುವವನು ಒಬ್ಬ ರೈಟರು, ಅಂದರೆ ತೋಟದ ಲೆಕ್ಕ ಬರೆಯುವವನು. ಆತನಿಗೆ ಫೋನಿನಲ್ಲಿ ಮಾತಾಡುವುದೆಂದರೆ ಆಗದು. ಆ್ಯಪ್ ಬಂದದ್ದರಿಂದ ಹೆಚ್ಚು ಅನುಕೂಲವಾದದ್ದು ಆತನಿಗೇ ಎಂದು ಹಿರಿಯರು ಹೇಳುತ್ತಿದ್ದರು.

ಒಂದು ಗುರುವಾರ ಬೆಳಿಗ್ಗೆ ಆ ರೈಟರು ಎಂಟು ಸೆಂಟ್ಸ್ ಮಳೆ ಅಳೆದು, ಇಂಚಿನ ಖಾನೆಗೆ ಸೊನ್ನೆ, ಸೆಂಟ್ಸಿನ ಖಾನೆಗೆ ಎಂಟು ಹಾಕಿದ. ಆ್ಯಪಿನಲ್ಲಿ ಎಂಬತ್ತು ಸೆಂಟ್ಸ್ ಎಂದು ಬಂತು. ಹಿರಿಯರು ಇಲ್ಲಿ ಕೂತು ಅದನ್ನು ನೋಡಿ, ಖುಷಿಯಾಗಿ, ಅಲ್ಲಿಯ ಪೈಪ್ ಎತ್ತಿಸಿ ಬೇರೆ ಕಡೆಗೆ ಕಳಿಸಲು ಹೇಳಿಬಿಟ್ಟರು. ಆ ದಾರಿಯಲ್ಲಿ ಬಂದ ಯಾರೋ ನೆಂಟರು, ಗಿಡದ ಬುಡದಲ್ಲಿ ಧೂಳು ಹಾರುತ್ತಿದೆ ಎಂದು ಹೇಳಿದ ಮೇಲೆ ಗೊತ್ತಾಯಿತು.

ಸಂಜೆ ನಮ್ಮ ಮನೆಗೆ ಬಂದರು. ಜೋರು ಮಾಡಲಿಲ್ಲ. ಜಗಲಿಯಲ್ಲಿ ಕೂತು ಮೊಮ್ಮಗಳನ್ನು ಕರೆದು ಫೋನು ತೋರಿಸಿದರು.

"ನೋಡು ಮಗಳೇ, ಪೈಪ್ ವಾಪಸ್ ತರಿಸಿದ್ದೇನೆ. ಅದು ಹೋಗ್ಲಿ. ಇನ್ನೊಂದು ಮಳೆಗೂ ಹೀಗೇ ತೋರಿಸಿದ್ರೆ ನಾನು ಇದನ್ನು ಅಳಿಸ್ತೇನೆ. ನಾನು ಅಳಿಸಿದ್ರೆ ಸಂಘದವರೂ ಅಳಿಸ್ತಾರೆ. ಮತ್ತೆ ಗುಲಾಬಿ ಹೂವೇ ಗತಿ ನಮಗೆ."

ತಪ್ಪು ಎಲ್ಲಿ ಎಂದು ಅವಳಿಗೆ ಬೇಗನೆ ಸಿಕ್ಕಿತು. ಎರಡು ಖಾನೆಯ ಅಂಕಿಗಳ ನಡುವೆ ಆ್ಯಪು ತಾನೇ ಒಂದು ಚುಕ್ಕಿ ಇಟ್ಟು ಸೇರಿಸುತ್ತಿತ್ತು. ಸೊನ್ನೆ, ಚುಕ್ಕಿ, ಎಂಟು. ಅದನ್ನು ಓದುವಾಗ ಎಂಬತ್ತು ಎಂದು ಓದುತ್ತಿತ್ತು. ಚುಕ್ಕಿಗೂ ಎಂಟಕ್ಕೂ ನಡುವೆ ಇನ್ನೊಂದು ಸೊನ್ನೆ ಬೇಕಿತ್ತು. ಹತ್ತಕ್ಕಿಂತ ಕಡಿಮೆ ಸೆಂಟ್ಸ್ ಹಾಕಿದರೆ ತಪ್ಪು ತೋರಿಸುತ್ತದೆ, ಸದ್ಯ ನಂಬಬೇಡಿ ಎಂದು ವಾಟ್ಸಾಪ್ ಗುಂಪಿನಲ್ಲಿ ಬರೆದಳು. ಅದರ ಕೆಳಗೆ ಯಾರೋ ಗುಲಾಬಿ ಹಾಕಿದರು.

ಶುಕ್ರವಾರ ಅವಳು ಕಾಲೇಜಿಗೆ ಹೋಗಲಿಲ್ಲ. ಲ್ಯಾಪ್‌ಟಾಪ್ ಇಟ್ಟುಕೊಂಡು ಜಗಲಿಯಲ್ಲಿ ಕೂತಳು. ಪಡುವಣದಲ್ಲಿ ಮೋಡ ಕಟ್ಟುತ್ತಿತ್ತು. ಅವತ್ತೇ ಮಳೆ ಬಂದರೆ ಮಾರನೆಯ ಬೆಳಿಗ್ಗೆ ಎಲ್ಲರೂ ಅಳೆದು ಹಾಕುತ್ತಾರೆ, ಅಷ್ಟರೊಳಗೆ ತಿದ್ದಿದ್ದು ಎಲ್ಲರ ಫೋನಿಗೂ ಹೋಗಿರಬೇಕು. ನಾನು ಬೇಳೆ ಆರಿಸುವ ನೆಪದಲ್ಲಿ ಪಕ್ಕದಲ್ಲೇ ಕೂತಿದ್ದೆ. ಬೇಳೆಯಲ್ಲಿ ಕಲ್ಲು ಇರಲಿಲ್ಲ.

ಹತ್ತು ಗಂಟೆ ದಾಟಿತು. ಶುಕ್ರವಾರ ಹತ್ತೂವರೆಗೆ ರಾಹುಕಾಲ ಶುರುವಾಗುತ್ತದೆ. ನಮ್ಮಲ್ಲಿ ಕಾಫಿ ಪಿಕಿಂಗ್ ಶುರು ಮಾಡಬೇಕು, ಆದರೆ ಆಳುಗಳು ಸಿಗುವುದು ಇನ್ನೆರಡು ದಿನಕ್ಕೆ ಎಂದಾದರೆ, ಒಳ್ಳೆಯ ಗಳಿಗೆಯಲ್ಲಿ ಮನೆಯವರೇ ಹೋಗಿ ಒಂದು ಹಿಡಿ ಹಣ್ಣು ಕುಯ್ದುಕೊಂಡು ಬರುತ್ತೇವೆ. ಅದು ಶಾಸ್ತ್ರಕ್ಕೆ. ಆಮೇಲೆ ಯಾವಾಗ ಮುಂದುವರಿಸಿದರೂ ಅಡ್ಡಿಯಿಲ್ಲ. ಅವಳಿಗೂ ಅದನ್ನೇ ಹೇಳಿದೆ.

"ಇನ್ನೂ ಅರ್ಧನೂ ಆಗಿಲ್ಲ ಅಜ್ಜಿ."

"ಅರ್ಧ ಆಗಿರೋದನ್ನೇ ಕಳ್ಸು. ಶಾಸ್ತ್ರಕ್ಕೊಂದು. ಆಮೇಲೆ ನಿಧಾನಕ್ಕೆ ದಿಟದ್ದು ಕಳ್ಸೀವಂತೆ."

"ಅದು ಹಂಗಲ್ಲ ಕಣಜ್ಜಿ."

"ಪಿಕಿಂಗೇ ಹಂಗೆ ಆಯ್ತದೆ. ಇದ್ಯಾವ ದೊಡ್ಡದು."

ನನ್ನ ಬಾಯಿ ಮುಚ್ಚಿಸಲು ಅದೇ ಹತ್ತಿರದ ದಾರಿ ಎಂದು ಅವಳಿಗೆ ಗೊತ್ತು. ಅರೆಬರೆಯದನ್ನು, ಎಲ್ಲರೂ ಫೋನಿಗೆ ಆ್ಯಪ್ ಇಳಿಸಿಕೊಳ್ಳುವ ಸ್ಟೋರಿಗೆ ಏರಿಸಿದಳು. ಒತ್ತುವ ಕೆಲಸ ನನಗೇ ಬಿಟ್ಟಳು. ನಾನು ಬೇಳೆಯ ಕೈಯನ್ನು ಸೆರಗಿಗೆ ಒರೆಸಿಕೊಂಡು, ದೇವರ ಕಡೆ ಒಮ್ಮೆ ನೋಡಿ, ಒತ್ತಿದೆ. ಅದು ಯಾರ ಫೋನಿಗೂ ಹೋಗುವ ಮೊದಲೇ ಅವಳು ಅದನ್ನು ಹಿಂದಕ್ಕೆ ತೆಗೆದು ಅಳಿಸಿದಳು. ಹತ್ತೂವರೆಗೆ ಇನ್ನೂ ಹೊತ್ತಿತ್ತು. ನಾನು ಒಳಗೆ ಹೋಗಿ ಬೇಳೆ ಬೇಯಲು ಇಟ್ಟೆ. ಅಂಥ ಬೇಳೆ ಆ ವರ್ಷ ಇನ್ನೊಮ್ಮೆ ಬೇಯಲಿಲ್ಲ.

ಊಟವಾದ ಮೇಲೆ ದಿಟದ್ದು ಸಿದ್ಧವಾಯಿತು. 1.9 ಆದ ಮೇಲೆ 1.10 ಎಂದು ಹೆಸರಿಟ್ಟು ಏರಿಸಿದಳು. ಸ್ಟೋರು ತೆಗೆದುಕೊಳ್ಳಲಿಲ್ಲ. ಕೆಂಪು ಅಕ್ಷರದಲ್ಲಿ ಏನೋ ಬಂತು. ಈ ನಂಬರು ಆಗಲೇ ಬಳಕೆಯಾಗಿದೆ, ಬೇರೆ ಕೊಡಿ ಎಂದಿದೆ ಅಂತ ಓದಿ ಹೇಳಿದಳು.

ಮಳೆಯ ವಿಷಯದಲ್ಲಿ ನನಗೆ ಅನುಭವವಿದೆ. "1.10 ಅಂದ್ರೆ ಒಂದು ಇಂಚು ಹತ್ತು ಸೆಂಟ್ಸು. ಅದು ಯಾವತ್ತೋ ಸುರಿದು ಹೋಯ್ತಲ್ಲವ್ವ. ಒಂದು ಇಂಚು ತೊಂಬತ್ತು ಆದ್ಮೇಲೆ ಎರಡು ಇಂಚಿಗೆ ಬರ್ಬೇಕು. ನೀನು ಇಳಿದ್ರೆ ಅವರು ತಕತಾರಾ?"

ಬೇರೆ ದಿನವಾಗಿದ್ದರೆ ನಕ್ಕುಬಿಡುತ್ತಿದ್ದಳು. ಆ್ಯಪಿನ ವರ್ಷನ್ ನಂಬರಿನ ಲೆಕ್ಕದಲ್ಲಿ ಒಂಬತ್ತರ ಮುಂದೆ ಹತ್ತೇ ಬರುವುದು, ಅಲ್ಲಿ ಚುಕ್ಕಿಗೂ ಸೆಂಟ್ಸಿಗೂ ಸಂಬಂಧವಿಲ್ಲ ಎಂದು ಆಮೇಲೆ ನನಗೆ ತಿಳಿಸಿ ಹೇಳಿದ್ದಾಳೆ. ಆದರೆ ಹಿಂದಿನ ದಿನವಷ್ಟೇ ಅವಳ ಆ್ಯಪು ಚುಕ್ಕಿಯಿಂದ ಮುಗ್ಗರಿಸಿತ್ತು. ಸ್ಟೋರು ಕೂಡ 1.10 ಅನ್ನು ಹಳೆಯ 1.1 ಎಂದುಕೊಂಡಿದೆಯೋ ಏನೋ ಎಂದು ಅವಳಿಗೂ ಅನುಮಾನ ಬಂತು. 2.0 ಎಂದು ಬದಲಾಯಿಸಿ ಏರಿಸಿದಳು. ಮತ್ತೆ ಅದೇ ಕೆಂಪು ಅಕ್ಷರ.

ಆಗ ಅವಳು ನನಗೆ ಇನ್ನೊಂದು ನಂಬರಿನ ವಿಷಯ ಹೇಳಿದಳು. ಜನರಿಗೆ ಕಾಣುವ ನಂಬರಿನ ಹಿಂದೆ ಬಿಲ್ಡ್ ನಂಬರು ಅಂತ ಒಂದಿದೆಯಂತೆ. ಅದು ಸ್ಟೋರಿನ ಲೆಕ್ಕಕ್ಕೆ. ಮನೆಯಲ್ಲಿ ಕರೆಯುವ ಹೆಸರು ಒಂದು, ಶಾಲೆಯ ಹಾಜರಿಯ ನಂಬರು ಒಂದು, ಹಾಗೆ. ಅದು ಪ್ರತಿ ಸಲವೂ ಏರಬೇಕು, ಒಮ್ಮೆ ಬಂದದ್ದು ಮತ್ತೆ ಬರಬಾರದು. ಜನರಿಗೆ ಬಿಟ್ಟ ಕೊನೆಯದು ಒಂಬತ್ತು. ಇವಳು ಕೊಡುತ್ತಿದ್ದದ್ದು ಹತ್ತು.

"ಹತ್ತು ಯಾರು ಉಪಯೋಗ್ಸಿದಾರೆ? ನಾನಂತೂ ಬಿಟ್ಟಿಲ್ಲ."

ಹನ್ನೊಂದು ಕೊಟ್ಟು ನೋಡು ಅಂದೆ. ಕೊಡಬಹುದು, ಆದರೆ ಬೇರೆ ಯಾರೋ ತನ್ನ ಅಕೌಂಟಿನೊಳಗೆ ಹೊಕ್ಕು ಹತ್ತನ್ನು ಕಳಿಸಿದ್ದರೆ ಏನು ಗತಿ ಎಂದಳು. ಮೊದಲು ಪಾಸ್‌ವರ್ಡ್ ಬದಲಾಯಿಸಬೇಕು. ಅದಕ್ಕೆ ಓಟಿಪಿ ಬರುವುದು ಅವಳ ಅಪ್ಪನ ಫೋನಿಗೆ. ಅವಳ ಅಪ್ಪ ಕೆಳಗಿನ ಮೆಣಸಿನ ತೋಟದಲ್ಲಿದ್ದ. ಅಲ್ಲಿ ಸಿಗ್ನಲ್ ಸಿಗುವುದಿಲ್ಲ. ನಾನು ಬೇಲಿಯ ಹತ್ತಿರ ನಿಂತು ಅವನ ಹೆಸರು ಹಿಡಿದು ಕೂಗಿದೆ. ಆಳುಗಳ ಲೈನ್ ಮನೆಗಳ ನಾಯಿಗಳೆಲ್ಲ ಬಂದವು.

ಇಷ್ಟರಲ್ಲಿ ಸಂಜೆಯ ಕಾಫಿಯ ಹೊತ್ತಿಗೆ ಹಿರಿಯರು ಬಂದರು. ಮೋಡ ನೋಡಿದರು, ಲ್ಯಾಪ್‌ಟಾಪ್ ನೋಡಿದರು.

"ಆಯ್ತಾ ಮಗಳೇ?"

ಅವಳು ಲ್ಯಾಪ್‌ಟಾಪ್ ಮೇಲೆ ಇನ್ನಷ್ಟು ಬಗ್ಗಿದಳು. ಕಣ್ಣು ತುಂಬಿಕೊಂಡಿತ್ತು, ತಲೆ ಎತ್ತಲಿಲ್ಲ. ಈ ಆ್ಯಪಿನ ಬೆನ್ನು ಹತ್ತಿ ಆ ಹುಡುಗಿ ಒಂದು ಇಡೀ ರಜೆಯನ್ನು ಕಳೆದಿದ್ದಳು. ಅದು ಆ ಮುದುಕರ ಹೆಬ್ಬೆರಳಿನ ಕೆಳಗೆ ಅಳಿಸಿಹೋಗಲು ಕೂತಿತ್ತು. ನನಗೆ ಸಹಿಸಲಾಗಲಿಲ್ಲ. ಮನೆಯ ಮಾನ ಉಳಿಸಲು ನಾನೇ ಮಾತಾಡಿದೆ.

"ಆಗದೆ ಏನು. ಹತ್ತೂವರೆ ಒಳ್ಗೇ ಶಾಸ್ತ್ರಕ್ಕೆ ಒಂದು ಕಳ್ಸಿ ಆಯ್ತು, ನನ್ ಕೈಯಲ್ಲೇ ಒತ್ಸಿದ್ಲು. ಇನ್ನು ದಿಟದ್ದೊಂದು ಬಾಕಿ ಅಷ್ಟೆಯ."

ಮೊಮ್ಮಗಳು ತಲೆ ಎತ್ತಿದಳು. "ಇನ್ನೊಂದ್ಸಲ ಹೇಳಜ್ಜಿ."

ಹೇಳಿದೆ. ಕೇಳಿದರೆ ಎಷ್ಟು ಸಲ ಬೇಕಾದರೂ ಹೇಳುತ್ತೇನೆ.

"ಅದನ್ನ ಅಳಿಸಿದ್ನಲ್ಲ," ಎಂದು ತನಗೆ ತಾನೇ ಅಂದುಕೊಂಡಳು. ಆಮೇಲೆ ಹಣೆ ಒತ್ತಿಕೊಂಡು ನಕ್ಕಳು.

ಶಾಸ್ತ್ರಕ್ಕೆ ಕಳಿಸಿದ್ದಕ್ಕೂ ಬಿಲ್ಡ್ ನಂಬರು ಹತ್ತೇ ಇತ್ತು. ಅದು ಯಾರ ಫೋನಿಗೂ ಹೋಗಿರಲಿಲ್ಲ, ಇವಳೇ ಅಳಿಸಿದ್ದಳು, ಆದರೆ ಸ್ಟೋರಿಗೆ ಅದೆಲ್ಲ ಬೇಕಿಲ್ಲ. ಒಮ್ಮೆ ಅದರ ಹೊಸಿಲು ದಾಟಿದ ನಂಬರು ಹೋಯಿತೆಂದೇ ಲೆಕ್ಕ. ಮಳೆಮಾಪಕದ ನೀರನ್ನು ಲೋಟಕ್ಕೆ ಬಗ್ಗಿಸಿ ಚೆಲ್ಲಿದ ಮೇಲೆ ಮತ್ತೆ ತುಂಬಿಸಲಾಗುವುದಿಲ್ಲವಲ್ಲ, ಹಾಗೆ ಎಂದು ನಾನು ಅರ್ಥ ಮಾಡಿಕೊಂಡೆ. ಅಕೌಂಟಿನೊಳಗೆ ಹೊಕ್ಕ ಕಳ್ಳ ನಾನೇ.

ಏನಾಯಿತೆಂದು ಹಿರಿಯರು ಕೇಳಿದರು. ಅವಳು ಹೇಳಿದಳು. ಅವರು ಕಾಫಿಯ ಲೋಟ ಖಾಲಿ ಮಾಡುವವರೆಗೆ ಯೋಚಿಸಿದರು.

"ಶಾಸ್ತ್ರಕ್ಕೆ ಕುಯ್ದ ಹಣ್ಣನ್ನು ನಾವೂ ತೂಕಕ್ಕೆ ಹಾಕ್ತೇವಲ್ಲ ಅಕ್ಕ, ಬಿಸಾಡ್ತೇವಾ? ಅವ್ರದ್ದು ಸರಿಯೇ ಇದೆ."

ಹತ್ತನ್ನು ಹನ್ನೊಂದು ಮಾಡಿದಳು. ಏರಿಸಿದಳು. ಕೆಂಪು ಅಕ್ಷರ ಬರಲಿಲ್ಲ. ಗಳಿಗೆ ಹೇಗಿದೆ ಎಂದು ಅವಳು ಕೇಳಲಿಲ್ಲ, ನಾನೂ ಹೇಳಲಿಲ್ಲ. ಸ್ಟೋರಿನವರು ಪರಿಶೀಲಿಸಿ ಬಿಡುತ್ತಾರೆ, ಅಲ್ಲಿಯವರೆಗೆ ಕಾಯಬೇಕು ಎಂದಳು. ಜನರಿಗೆ ಕಾಣುವ ನಂಬರನ್ನು 2.0 ಎಂದೇ ಬಿಟ್ಟಳು. ಒಂದು ಸೊನ್ನೆ ಸೇರಿಸಿದ್ದಕ್ಕೆ ಇಷ್ಟು ದೊಡ್ಡ ನಂಬರು ಯಾರೂ ಇಡುವುದಿಲ್ಲವಂತೆ. ಇಟ್ಟದ್ದು ನಾನು. ಈಗಲೂ ಯಾರಾದರೂ ಫೋನು ತೆಗೆದರೆ ಆ್ಯಪಿನ ಅಡಿಯ ಆ ಎರಡನ್ನು ತೋರಿಸಿಯೇ ಬಿಡುತ್ತೇನೆ.

ಕತ್ತಲಾದ ಮೇಲೆ ಮಳೆ ಬಂತು. ಹಂಚಿನ ಮೇಲೆ ಸ್ವಲ್ಪ ಸದ್ದು ಮಾಡಿ, ಗುಡುಗನ್ನು ಮಾತ್ರ ಉಳಿಸಿ ಹೋಯಿತು.

ಬೆಳಿಗ್ಗೆ ಅವಳು ನನ್ನ ಫೋನು ತೆಗೆದು ನೋಡಿದಳು. ಹೊಸದು ಬಂದಿತ್ತು. ಎಂಟಕ್ಕೆ ನಾನು ಮಳೆಮಾಪಕದ ನೀರನ್ನು ಲೋಟಕ್ಕೆ ಬಗ್ಗಿಸಿದೆ. ನಾಲ್ಕು ಸೆಂಟ್ಸ್. ಇಂಚಿನ ಖಾನೆಗೆ ಸೊನ್ನೆ, ಸೆಂಟ್ಸಿನ ಖಾನೆಗೆ ನಾಲ್ಕು ಹಾಕಿದೆ. ನಾಲ್ಕು ಎಂದೇ ತೋರಿಸಿತು. ಯಜಮಾನರನ್ನು ಎಬ್ಬಿಸಿ ನಾಲ್ಕು ಸೆಂಟ್ಸ್ ಅಂದೆ. ಹೂವು ಹಾಳಾಯ್ತಲ್ಲೇ ಎಂದು ಅವರು ಮುಖ ಸಪ್ಪಗೆ ಮಾಡಿದರು. ನಾಲ್ಕಕ್ಕೆ ನಾಲ್ಕು ಅಂತಲೇ ತೋರಿಸ್ತದೆ ಅಂದೆ. ಅವರು ಹೊದಿಕೆ ಎಳೆದುಕೊಂಡರು. ಅವತ್ತು ನಮ್ಮ ಕಡೆ ನಾಲ್ಕು ಸೆಂಟ್ಸ್ ಮಳೆಗೆ ಹಿಗ್ಗಿದವಳು ನಾನೊಬ್ಬಳೇ ಇರಬೇಕು.

ಹಿರಿಯರು ಆಗಲೇ ನಮ್ಮ ಅಂಗಳದಲ್ಲಿ ನಿಂತಿದ್ದರು, ಫೋನು ಕೈಯಲ್ಲಿತ್ತು. ಮೊಮ್ಮಗಳು ಕಾಲೇಜಿನ ಚೀಲ ಹಾಕಿಕೊಂಡು ಮೆಟ್ಟಿಲ ಮೇಲೆಯೇ ನಿಂತಳು. ಬಸ್ಸು ಬರುವ ಹೊತ್ತಾಗಿತ್ತು, ಕದಲಲಿಲ್ಲ. ಬಿಟ್ಟಂಗಾಲದ ರೈಟರು ಮಳೆ ಹಾಕಿದ್ದ. ಆರು ಸೆಂಟ್ಸ್. ಹಿರಿಯರು ಅದನ್ನು ಕನ್ನಡಕದೊಳಗಿನಿಂದ ಒಮ್ಮೆ, ಕನ್ನಡಕದ ಮೇಲಿನಿಂದ ಒಮ್ಮೆ ನೋಡಿದರು. ಸರಿಯೋ ಎಂದು ಅವಳನ್ನು ಕೇಳಲಿಲ್ಲ. ರೈಟರಿಗೆ ಫೋನು ಮಾಡಿದರು. ಆತ ಎತ್ತಿದ್ದೇ ಒಂದು ದೊಡ್ಡ ವಿಷಯ.

"ಆರೇ ಸೆಂಟ್ಸ್ ಅಲ್ವಾ. ಹೌದು, ನೋಡಿದೆ, ನೀನು ಹೇಳೋದು ಬೇಡ. ಪಂಪ್ ಹಾಕು."

ಫೋನು ಜೇಬಿಗೆ ಇಟ್ಟುಕೊಂಡು, ಬಸ್ಸು ಹೋಗ್ತದೆ ಮಗಳೇ, ಓಡು ಎಂದರು. ಅವಳು ಓಡಿದಳು. ನಾನು ಅವರಿಗೆ ಕಾಫಿ ಬಗ್ಗಿಸಿ, ಆ್ಯಪಿನ ವಿಷಯ ಮೊದಲಿನಿಂದ ಹೇಳಲು ಶುರು ಮಾಡಿದೆ. ಅವರು ಕೂತು ಕೇಳಿದರು.