ಬಿಚ್ಚಾಣಿಕೆ ಮನೆಯ ಬೂದಿ

ಚನ್ನಪಟ್ಟಣದ ಚನ್ನಲಿಂಗಪ್ಪ ಮಹಾ ಶಿವಭಕ್ತನೆಂದು ನಾನು ಬಹಳ ಕಾಲ ನಂಬಿದ್ದೆ. ರೇಷ್ಮೆಗೂಡಿನಿಂದ ನೂಲು ಬಿಚ್ಚಿಸುವ ತನ್ನ ಷೆಡ್ಡಿನ ನೆಲಕ್ಕೆ ಆತ ಬೆಳಗಾಗುತ್ತಲೇ ಮೊರದಿಂದ ಬೂದಿ ಎರಚುತ್ತಿದ್ದ. ಹಣೆಗೆ ಸಾಲದೆ ನೆಲಕ್ಕೂ ವಿಭೂತಿಯೇ ಎಂದು ಊರಲ್ಲೆಲ್ಲ ಹೊಗಳಿಕೊಂಡು ಬಂದೆ. ಅದು ಒಲೆಯ ಬೂದಿ, ಅದನ್ನು ಎರಚಿಸುತ್ತಿದ್ದುದು ಭಕ್ತಿಯಲ್ಲ, ಭಯ ಎಂದು ತಿಳಿದದ್ದು ಆಮೇಲೆ.

ಗೂಡು ಬೇಯಿಸಿದ ನೀರು ಚೆಲ್ಲುತ್ತದೆ, ಬೆಂದ ಹುಳು ಕಾಲಡಿ ನುರಿದು ಎಣ್ಣೆ ಬಿಡುತ್ತದೆ. ಅಂಥ ನೆಲದ ಮೇಲೆ, ನೂಲು ಬಿಚ್ಚುವ ಕೆಲಸದ ಅಮೀರುನ್ನೀಸಾ ಜಾರಿ ಬಿದ್ದು ಬಲಗೈ ಮುರಿದುಕೊಂಡಳು. ಎಳೆ ಹಿಡಿಯುವ ಕೈ ಅದು. ಮೂಳೆಗೆ ಕಟ್ಟು ಹಾಕುವವನನ್ನು ಚನ್ನಲಿಂಗಪ್ಪನೇ ಕರೆಸಿದ. ಮರುದಿನದಿಂದ ಬೂದಿ ಶುರುವಾಯಿತು. ಇನ್ನೊಬ್ಬಳು ಜಾರಿದರೆ ಕೈ ಮುರಿಯುವುದಿಲ್ಲ, ಗೂಡು ಕುದಿಯುವ ಬಾಣಲೆಯೊಳಕ್ಕೇ ಹೋಗುತ್ತದೆ ಎಂಬ ಯೋಚನೆ ಅವನನ್ನು ಕೂತಲ್ಲಿ ಕೂರಗೊಡುತ್ತಿರಲಿಲ್ಲ.

ಅಷ್ಟರಲ್ಲಿ ಅಮೀರುನ್ನೀಸಾಳ ಅಣ್ಣ, ಜಟಕಾ ಹೊಡೆಯುವ ರಸೂಲ್, ಬಾಗಿಲಲ್ಲಿ ಬಂದು ನಿಂತ.

"ಕೋರ್ಟಲ್ಲಿ ಮಾತಾಡಾಣ ಸಾವ್ಕಾರ್ರೆ."

ಇಷ್ಟೇ ಹೇಳಿ ಹೋದ. ಕೂಗಾಡಿದ್ದರೆ ಎಷ್ಟೋ ವಾಸಿಯಾಗಿತ್ತು. ಕೋರ್ಟೆಂದರೆ ಚನ್ನಲಿಂಗಪ್ಪನ ಕಣ್ಣಿಗೆ ಕಟ್ಟುತ್ತಿದ್ದುದು ಷೆಡ್ಡಿಗೆ ಬೀಗ, ತನ್ನ ಕೈಗೆ ಬೇಡಿ.

ವಕೀಲ ಅಶ್ವತ್ಥರಾಯರನ್ನು ಕರೆಸಿದ. ಮಜ್ಜಿಗೆ ಬೇಡವೆನ್ನುವಾಗಲೂ ಗಂಟಲು ಸರಿಮಾಡಿಕೊಂಡು, ಗೋಡೆಯನ್ನೇ ನ್ಯಾಯಾಧೀಶರೆಂದು ಭಾವಿಸಿ ಅತ್ತ ತಿರುಗಿ ಹೇಳುವವರು ಅವರು. ನೆಲ ನೋಡಿ ಹೌಹಾರಿದರು.

"ಕೆಟ್ಟೆಯಲ್ಲಯ್ಯ. ಜಾರುತ್ತೆ ಅಂತ ಗೊತ್ತಿತ್ತು ಎಂದು ನೀನೇ ಬರೆದುಕೊಟ್ಟ ಹಾಗಾಯಿತು ಈ ಬೂದಿ. ಗೊತ್ತಿದ್ದೂ ಬಿಟ್ಟವನೇ ಹೊಣೆ. ಮೊದಲು ಗುಡಿಸು. ಹುಷಾರು ಅಂತ ಯಾರಿಗೂ ಬಾಯಿ ಬಿಡಬೇಡ."

ಗುಡಿಸಿದ. ಹೆಂಗಸರು ಬಂದು ಕೂತರು. ಚರಕಗಳು ತಿರುಗಿದವು, ನೀರು ಚೆಲ್ಲತೊಡಗಿತು. ಚನ್ನಲಿಂಗಪ್ಪ ಕಂಬ ಹಿಡಿದು ಓಡಾಡುವವರ ಕಾಲುಗಳನ್ನೇ ನೋಡುತ್ತ ನಿಂತ. ಅವರಲ್ಲಿ ಪಿಸುಪಿಸು ನಗು ಎದ್ದಿತು.

"ಬೂದಿ ಮುಗ್ದೋಯ್ತಾ ಸಾವ್ಕಾರ್ರೆ? ನಮ್ಮನೇಲೈತೆ, ಒಸಿ ತರ್ಲಾ?" ಎಂದಳು ಚಿನ್ನಮ್ಮ.

ಆತ ಕಂಬವನ್ನು ಇನ್ನಷ್ಟು ಬಿಗಿಯಾಗಿ ಹಿಡಿದ. ಹೂಂ ಎಂದರೆ ಅದೂ ಸಾಕ್ಷಿ.

ವಕೀಲರು ಮೂಲೆಯ ಕುರ್ಚಿಯಲ್ಲಿ ನಶ್ಯ ಏರಿಸುತ್ತಿದ್ದಂತೆ ಚಿನ್ನಮ್ಮ ಒಲೆಯಿಂದ ಕುದಿನೀರಿನ ತಪ್ಪಲೆ ಎತ್ತಿಕೊಂಡು ಹೊರಟಳು. ಅವಳ ಮುಂದೆ ಬಾಣಲೆಗೆ ಬಗ್ಗಿ ಕೂತವರ ಸಾಲು ಬೆನ್ನು. ಅವಳ ಹಿಮ್ಮಡಿ ಕೊಂಚ ಸರಿಯಿತು, ನಿಂತಿತು. ತಪ್ಪಲೆಯ ಅಂಚಿನಲ್ಲಿ ನೀರು ತುಳುಕಿತು. ಚನ್ನಲಿಂಗಪ್ಪ ಕಂಬ ಬಿಟ್ಟ.

"ನಿಂತ್ಕವ್ವ ಚಿನ್ನಮ್ಮ. ಅಲ್ಲಾಡ್ಬ್ಯಾಡ. ನೆಲ ಜಾರ್ತದೆ."

ಷೆಡ್ಡಿಗೆಲ್ಲ ಕೇಳುವಂತೆ ಹೇಳಿಯೇಬಿಟ್ಟ. ಒಲೆಯತ್ತ ಓಡಿ, ಕೈ ಸುಟ್ಟರೂ ಲೆಕ್ಕಿಸದೆ ಬೂದಿ ಬಾಚಿ ತಂದು ಅವಳ ಕಾಲ ಸುತ್ತ ಸುರಿದ. ಬಾಣಲೆಗಳ ನಡುವೆಯೂ ಸುರಿದ, ಬಾಗಿಲವರೆಗೂ ಸುರಿದ. ಚಿನ್ನಮ್ಮ ಒಂದೊಂದೇ ಹೆಜ್ಜೆಯಿಟ್ಟು ದಾಟಿಕೊಂಡಳು.

ಅಶ್ವತ್ಥರಾಯರು ಪಂಚೆ ಎತ್ತಿ ಹಿಡಿದು, ಬೂದಿ ಬಿದ್ದ ಕಡೆಯೇ ಹುಡುಕಿ ಹೆಜ್ಜೆಯಿಡುತ್ತ ಬಂದರು.

"ಎಲ್ಲ ಹಾಳು ಮಾಡಿದೆ. ನೆಲ ಜಾರುತ್ತೆ ಅನ್ನೋದು ನಿನಗೆ ಹೇಗಯ್ಯ ಗೊತ್ತಾಯಿತು ಅಂತ ನಾಳೆ ಕೋರ್ಟಿನಲ್ಲಿ ಕೇಳಿದರೆ ಏನು ಹೇಳುತ್ತೀಯೆ?"

ಚನ್ನಲಿಂಗಪ್ಪ ಸುಟ್ಟ ಬೆರಳನ್ನು ಬಾಯಿಂದ ತೆಗೆದ.

"ನೆಲ ನಂದು, ಬುದ್ಧಿ. ಇನ್ಯಾರ್ಗೆ ಗೊತ್ತಿರ್ಬೇಕು?"