ಮೆಟ್ಟಿಲ ನೆರಳಿಗೆ ಮೂತಿ ತೂರಿಸಿದ ಗಾಡಿ

ನಮ್ಮ ಕಲಬುರಗಿಯಲ್ಲಿ ಕಾರು ಓಡಿಸುವುದನ್ನು ಯಾರು ಬೇಕಾದರೂ ಕಲಿಯಬಹುದು. ವಿದ್ಯೆ ಬೇಕಾಗುವುದು ನಿಲ್ಲಿಸುವುದಕ್ಕೆ. ಜಾಗವಿಲ್ಲವೆಂದಲ್ಲ, ನೆರಳಿಲ್ಲ. ಬೇಸಿಗೆಯ ಮಧ್ಯಾಹ್ನ ಸ್ಟೇಶನ್ ಬಜಾರದ ಕಡೆ ಹೋದರೆ ಒಂದೇ ಬೇವಿನ ಗಿಡದ ಬುಡಕ್ಕೆ ಆರೇಳು ಗಾಡಿಗಳು ಹಾಲು ಕುಡಿಯುವ ಮರಿಗಳ ಹಾಗೆ ಮೂತಿ ತೂರಿಸಿ ನಿಂತಿರುವುದು ಕಾಣುತ್ತದೆ. ಹಿಂಭಾಗ ಬಿಸಿಲಲ್ಲಿ ಬೆಂದರೂ ಪರವಾಗಿಲ್ಲ, ಎಂಜಿನ್ನಿಗೆ ನೆರಳು ಸಿಕ್ಕರೆ ಮಾಲೀಕನ ಹೊಟ್ಟೆ ತಣ್ಣಗಾಗುತ್ತದೆ. ಈ ವಿದ್ಯೆಯಲ್ಲಿ ನಾನು ಪಂಡಿತ. ಗಾಡಿಯ ಮೂತಿಯನ್ನು ಎಲ್ಲಿ ಬೇಕಾದರೂ ತೂರಿಸಬಲ್ಲೆ. ಹೊರಗೆ ತೆಗೆಯುವ ವಿಷಯವನ್ನು ಮಾತ್ರ ಯಾರೂ ಕೇಳಬಾರದು.

ಚಿಂತೆ ಮಾಡುವುದು ನನ್ನ ಎರಡನೆಯ ನೌಕರಿ. ಮೊದಲನೆಯದಕ್ಕಾದರೂ ಭಾನುವಾರ ರಜೆ ಉಂಟು. ಗ್ಯಾಸ್ ಬಂದ್ ಮಾಡಿದೆನೋ ಇಲ್ಲವೋ ಎಂದು ಬೀದಿಯ ತುದಿಯಿಂದ ವಾಪಸು ಬರುವವನು ನಾನು. ಬಂದ್ ಮಾಡಿದ್ದೇನೆಂದು ತಿಳಿದ ಮೇಲೆ, ಹಾಗೆ ನೋಡುವಾಗ ಕೈತಾಕಿ ಮತ್ತೆ ಚಾಲೂ ಆಗಿರಬಹುದೇ ಎಂದು ಇನ್ನೊಮ್ಮೆ ಬರುವವನೂ ನಾನೇ.

ಕಮಲಾಪುರದಲ್ಲಿರುವ ನನ್ನ ಅಕ್ಕನಿಗೆ ಎರಡೂ ಕಣ್ಣಲ್ಲಿ ಪೊರೆ ಬಂದು ಎರಡು ವರ್ಷವಾಗಿತ್ತು. ಆಪರೇಷನ್ ಎಂಬ ಶಬ್ದ ಕಿವಿಗೆ ಬಿದ್ದರೆ ಸಾಕು, ತೊಡೆಯ ಮೇಲಿದ್ದ ಕೌದಿಯನ್ನು ಎತ್ತಿ ತೋರಿಸುತ್ತಿದ್ದಳು. ಹಳೆಯ ಸೀರೆಗಳನ್ನು ಪದರ ಪದರವಾಗಿ ಇಟ್ಟು ಹೊದಿಕೆ ಹೊಲಿಯುವುದರಲ್ಲಿ ಅವಳನ್ನು ಮೀರಿಸುವವರು ಆ ಓಣಿಯಲ್ಲಿಲ್ಲ. ಸೂಜಿಗೆ ದಾರ ಪೋಣಿಸುವುದೂ ಬೆರಳಿನಿಂದಲೇ.

"ನನಗ ಎಲ್ಲಾ ಕೈಗೇ ಕಾಣಸ್ತದ ತಮ್ಮಾ. ಕಣ್ಣು ಬರೀ ಶೋಕಿಗೆ ಅದಾವ" ಎನ್ನುತ್ತಿದ್ದಳು. ಹೀಗೆ ಹೇಳುತ್ತಲೇ ನನಗೆಂದು ತಂದ ಚಹಾವನ್ನು ಪಕ್ಕದ ಖಾಲಿ ಕುರ್ಚಿಗೆ ಕೊಡುತ್ತಿದ್ದಳು.

ಹಿಂದೊಮ್ಮೆ ಒಪ್ಪಿಕೊಂಡು ಬಸ್ಸು ಹತ್ತಿದ್ದಳು. ಪಕ್ಕದಲ್ಲಿ ಕುಳಿತ ಹೆಂಗಸು ತನ್ನ ಚಿಕ್ಕಮ್ಮನ ಕಣ್ಣು ಆಪರೇಷನ್ನಿನಲ್ಲಿ ಹೇಗೆ ಹೋಯಿತೆಂಬುದನ್ನು ಬಿಡಿಸಿ ಬಿಡಿಸಿ ವರ್ಣಿಸಿದಳಂತೆ. ಕಥೆ ಮುಗಿಯುವಷ್ಟರಲ್ಲಿ ಹಾದಿಯ ನಡುವಿನ ಮಹಾಗಾಂವ ಬಂದಿತ್ತು. ಅಕ್ಕ ಅಲ್ಲೇ ಇಳಿದು ಎದುರಿನಿಂದ ಬಂದ ಟೆಂಪೋ ಹತ್ತಿ ಮನೆ ಸೇರಿಬಿಟ್ಟಳು. ಆಸ್ಪತ್ರೆಯ ಬಾಗಿಲಲ್ಲಿ ನಾನು ಮಧ್ಯಾಹ್ನದ ತನಕ ಪ್ರತಿ ಆಟೋದೊಳಗೆ ಬಗ್ಗಿ ನೋಡುತ್ತಾ ನಿಂತಿದ್ದೆ.

ಈ ಸಲ ಅವಳೇ ಷರತ್ತು ಹಾಕಿದಳು. ಬಸ್ಸು ಬೇಡ, ಬೇರೆಯವರ ಬಾಯಿ ಬೇಡ. ನನ್ನ ಕಾರಿನಲ್ಲಿ ಬರುತ್ತಾಳೆ, ನನ್ನ ಸಂಗಡ ಮಾತ್ರ. ವಾರಕ್ಕೊಮ್ಮೆ ಹೊರಗಿನಿಂದ ಬರುವ ಡಾಕ್ಟರು ಹನ್ನೊಂದಕ್ಕೆ ಬರಹೇಳಿದ್ದರು. ತಪ್ಪಿದರೆ ಮುಂದಿನ ವಾರ ಡಾಕ್ಟರು ಸಿಗುತ್ತಾರೆ, ಅಕ್ಕ ಸಿಗುವುದಿಲ್ಲ. ಇದು ನನಗೂ ಗೊತ್ತು, ಅವಳ ಗಂಡ ಮಾಮಾನಿಗೂ ಗೊತ್ತು. ಎಲ್ಲರಿಗಿಂತ ಚೆನ್ನಾಗಿ ಅಕ್ಕನಿಗೇ ಗೊತ್ತು.

ಬೆಳಗ್ಗೆ ಹೊರಟರೆ ಹಾದಿಯಲ್ಲಿ ಏನಾದರೂ ಆದೀತೆಂದು ನಾನು ಹಿಂದಿನ ದಿನ ಮೂರು ಗಂಟೆಗೇ ಕಮಲಾಪುರ ಮುಟ್ಟಿದೆ. ಬಿಸಿಲು ಧಗಧಗ ಉರಿಯುತ್ತಿತ್ತು. ಅಕ್ಕನ ಮನೆಯ ಹೊರಗೋಡೆಗೆ ಮಾಳಿಗೆ ಹತ್ತಲು ಫರ್ಸಿ ಕಲ್ಲಿನ ಮೆಟ್ಟಿಲುಗಳಿವೆ. ಕೆಳಗೆ ಗುಹೆಯಂಥ ನೆರಳು. ನನ್ನ ಪಾಂಡಿತ್ಯವನ್ನೆಲ್ಲ ಖರ್ಚು ಮಾಡಿ, ಅಂಗುಲ ಅಂಗುಲ ಸರಿಸಿ, ಕಾರಿನ ಮೂತಿಯನ್ನು ಆ ಮೆಟ್ಟಿಲ ಕೆಳಗೆ ತೂರಿಸಿದೆ. ಉರುಳಿ ಹೋದೀತೆಂದು ಗೇರಿನಲ್ಲೇ ಬಿಟ್ಟೆ. ಅಂಗಳ ತಟ್ಟೆಯಷ್ಟು ಸಮತಟ್ಟಾಗಿತ್ತು ಎಂಬುದು ಬೇರೆ ಮಾತು.

ಅಷ್ಟಕ್ಕೇ ಬಿಟ್ಟಿದ್ದರೆ ನಾನು ನಾನಾಗುತ್ತಿರಲಿಲ್ಲ. ಹಿತ್ತಲಲ್ಲಿ ತೊಗರಿ ಕಟ್ಟಿಗೆಯ ಬಣವೆ ಇತ್ತು. ಬಣವೆ ಎಂದರೆ ಇಲಿ, ಇಲಿ ಎಂದರೆ ವೈರು ಕಡಿತ. ಬೆಳಕಿದ್ದಲ್ಲಿ ಇಲಿ ಬರುವುದಿಲ್ಲವೆಂದು ಯಾರೋ ಮೊಬೈಲಿನಲ್ಲಿ ಹೇಳಿದ್ದು ನೆನಪಾಗಿ ಕಾರಿನೊಳಗಿನ ದೀಪ, ಹೊರಗಿನ ದೀಪ ಎರಡನ್ನೂ ಹಚ್ಚಿಟ್ಟು ನೆಮ್ಮದಿಯಿಂದ ಮಲಗಿದೆ. ನೆಮ್ಮದಿಯಿಂದ ನಾನು ಮಾಡುವ ಕೆಲಸಗಳೆಲ್ಲ ಹೀಗೇ.

ಬೆಳಗ್ಗೆ ಎಂಟಕ್ಕೆ ಕೀಲಿ ತಿರುವಿದೆ. ಟಿಕ್ ಎಂದಿತು. ಎರಡನೆಯ ಸಲಕ್ಕೆ ಅದೂ ಇಲ್ಲ. ಒಂದು ಇಲಿಯೂ ಬಂದಿರಲಿಲ್ಲ, ಅದನ್ನು ಒಪ್ಪಲೇಬೇಕು.

ಅಕ್ಕ ಆಗಲೇ ಇಸ್ತ್ರಿ ಸೀರೆ ಉಟ್ಟು ಚೀಲ ಹಿಡಿದು ಬಾಗಿಲಿಗೆ ಬಂದಿದ್ದಳು. ಕಣ್ಣು ಮಂಜಾದರೇನು, ಕಿವಿ ಪೊಲೀಸರದ್ದು.

"ಏನಾತೋ ತಮ್ಮಾ?"

"ಏನಿಲ್ಲ ಅಕ್ಕಾ. ಬ್ಯಾಟರಿ ಸ್ವಲ್ಪ..."

"ಸತ್ತದೇನು?" ಎಂದಳು. ಸಾವಿನ ಸುದ್ದಿಯನ್ನು ಅಷ್ಟು ಸಂತೋಷದಿಂದ ಕೇಳಿದವರನ್ನು ನಾನು ನೋಡಿಲ್ಲ. "ಮುಂಜಾನೆ ಎದ್ದು ಒಳ್ಳೆ ಕೆಲಸಕ್ಕ ಹೊಂಟಾಗ ಹಿಂಗ ಆತಂದ್ರ ಏನರ್ಥ? ಬ್ಯಾಡ ಅಂತ ದೇವ್ರೇ ಹೇಳ್ಯಾನ. ನಾ ಒಲಿಮ್ಯಾಗ ರೊಟ್ಟಿ ಹಂಚು ಇಡ್ತೀನಿ."

"ದೇವರಿಗೇನು ಸಂಬಂಧ? ಇವ ದೀಪ ಹಚ್ಚಿ ಮಲಗ್ಯಾನ" ಎಂದರು ಮಾಮಾ, ಕಟ್ಟೆಯ ಮೇಲೆ ಬಸಿಯಲ್ಲಿ ಚಹಾ ಆರಿಸುತ್ತಾ. ಮಾಮಾ ದಿನಕ್ಕೆ ನಾಲ್ಕು ಮಾತಾಡುವವರು. ಅದರಲ್ಲಿ ಮೂರು ನನ್ನ ಮೇಲೆಯೇ ಇರುತ್ತವೆ.

ಎದುರು ಮನೆಯ ಟೆಂಪೋದವನು ಹಲ್ಲುಜ್ಜುತ್ತಾ ಬಂದ. ಕಾರನ್ನು ಒಂದು ಸುತ್ತು ಹಾಕಿ ನೋಡಿ, ಉಗುಳಿ ಬಂದು ಹೇಳಿದ: "ಫಿಕರ್ ಮಾಡಬ್ಯಾಡ್ರಿ ಸಾಹೇಬ್ರ. ನಾಕು ಮಂದಿ ದೂಡಿದ್ರ ಚಾಲೂ ಆಗ್ತದ."

"ಇದು ಕ್ಲಚ್ ಇಲ್ಲದ ಗಾಡಿ. ದೂಡಿದ್ರ ಚಾಲೂ ಆಗಂಗಿಲ್ಲ."

"ಹಂಗಾದ್ರ ನ್ಯೂಟ್ರಲ್ ಮಾಡ್ರಿ, ಹಿಂದ ಜಗ್ಗಿ ಹೊರಗ ತೆಗಿಯೂಣು."

"ಇದರಾಗ ಗೇರೂ ಕರೆಂಟಿಂದ, ನ್ಯೂಟ್ರಲ್ ಆಗಬೇಕಂದ್ರ ಬ್ಯಾಟರಿ ಬೇಕು."

"ಬಾನೆಟ್ ತೆಗೀರಿ, ನಂ ಟೆಂಪೋದ್ದು ಕರೆಂಟ್ ಕೊಡ್ತೀನಿ."

"ಬಾನೆಟ್ ತೆಗಿಯಾಕ ಗಾಡಿ ಹೊರಗ ಬರಬೇಕು."

ಅವನು ಬ್ರಷ್ಷನ್ನು ಬಾಯಿಂದ ತೆಗೆದು ನನ್ನನ್ನೇ ನೋಡಿದ. "ಇಷ್ಟ್ ಬರಾಬರ್ ಹ್ಯಾಂಗ ಕೂಡಿಸಿದ್ರಿ ಸಾಹೇಬ್ರ? ಕಳ್ಳಗೂ ಆಗಂಗಿಲ್ಲ, ಮಾಲಕಗೂ ಆಗಂಗಿಲ್ಲ."

ಆದರೂ ಬಾನೆಟ್ಟಿನ ಕೊಂಡಿ ಎಳೆದೆವು. ಅದು ಒಂದು ಗೇಣು ಎದ್ದು, ಫರ್ಸಿ ಕಲ್ಲಿಗೆ ತಲೆ ತಾಕಿಸಿ ನಿಂತಿತು. ಬಗ್ಗಿ ನೋಡಿದರೆ ಒಳಗೆ ಎಡ ಮೂಲೆಯಲ್ಲಿ ಬ್ಯಾಟರಿ ಅರ್ಧಂಬರ್ಧ ಕಾಣುತ್ತಿತ್ತು. ಟೆಂಪೋಗೆ ಹಗ್ಗ ಕಟ್ಟಿ ಎಳೆದುಬಿಡೋಣವೆಂದು ಅವನು ಹೇಳಿದ. ಗೇರುಬಾಕ್ಸು ಹೋದೀತೆಂದು ನಾನು ಬೇಡವೆಂದೆ. ಮೆಟ್ಟಿಲಿನ ಎರಡು ಕಲ್ಲು ಕೀಳಬಹುದೆಂದ. ಈ ಸಲ ಮಾಮಾ ಬಸಿ ಕೆಳಗಿಟ್ಟು ಅವನನ್ನು ನೋಡಿದರು. ಆ ಸಲಹೆ ಅಲ್ಲಿಗೇ ಮುಗಿಯಿತು.

"ಅಕ್ಕಾ, ಇವರ ಟೆಂಪೋದಾಗೇ ಹೋಗೂಣೇನು?" ಎಂದು ಕೇಳಿ ನೋಡಿದೆ.

"ಟೆಂಪೋದಾಗ ಒಯ್ಯಾಕ ನಾ ಏನು ಗಂಜ್ ಬಜಾರಕ್ಕ ಹೊಂಟಿದ್ ತೊಗರಿ ಚೀಲೇನು?" ಒಳಗಿನಿಂದ ಹಂಚು ಇಟ್ಟ ಸದ್ದು ಬಂತು.

ಟೆಂಪೋದವನು ಉದ್ದನೆಯ ಎರಡು ವೈರು ತಂದ. ಒಂದು ಕೆಂಪು, ಒಂದು ಕಪ್ಪು, ತುದಿಗೆ ಮೊಸಳೆ ಬಾಯಿಯಂಥ ಕ್ಲಿಪ್ಪುಗಳು. ಕಪ್ಪನ್ನು ಎಂಜಿನ್ನಿನ ಯಾವ ಕಬ್ಬಿಣಕ್ಕೆ ಕಚ್ಚಿಸಿದರೂ ನಡೆಯುತ್ತದಂತೆ. ಅದನ್ನು ಮುಂದಿನ ಸಂದಿನಿಂದಲೇ ಒಂದು ಬೋಲ್ಟಿಗೆ ಸಿಕ್ಕಿಸಿದ. ಕೆಂಪು ಮಾತ್ರ ಬ್ಯಾಟರಿಯ ಪ್ಲಸ್ಸಿಗೇ ಹೋಗಬೇಕು. ಅದಕ್ಕೆ ಪಕ್ಕದ ಸಂದಿನಿಂದ ಮೊಣಕೈ ತನಕ ಕೈ ತೂರಿಸಬೇಕು. ಅವನ ತೋಳು ಒನಕೆಯಂಥದ್ದು, ಮಣಿಕಟ್ಟಿಗೇ ನಿಂತಿತು. ನನ್ನದು ಒಳಗೆ ಹೋಯಿತು. ಹೋದದ್ದು ಹೋಯಿತು, ವಾಪಸು ಬರಲಿಲ್ಲ.

ಆ ಹತ್ತು ನಿಮಿಷ ನಾನು ಏನೇನು ಚಿಂತಿಸಿದೆ ಎಂದು ಬರೆದರೆ ಇನ್ನೊಂದು ಪುಸ್ತಕವಾಗುತ್ತದೆ. ಕಾರು ಕೊಯ್ಯುವವರು ಬರಬೇಕೋ ಕೈ ಕೊಯ್ಯುವವರು ಬರಬೇಕೋ ಎಂಬಲ್ಲಿಗೆ ಬಂದಿದ್ದೆ. ಟೆಂಪೋದವನು ಪಾತ್ರೆ ತಿಕ್ಕುವ ಸಾಬೂನು ಕೇಳಲು ಒಳಗೆ ಹೋದ. ಸಾಬೂನಿನ ಸಂಗಡ ಅಕ್ಕನೂ ಹೊರಗೆ ಬಂದಳು.

"ಕೈ ಸಡ್ಲ ಬಿಡು. ಹೆದರಿ ಮುಷ್ಟಿ ಬಿಗಿದಿದ್ದಿ, ಅದಕ್ಕ ಸಿಕ್ಕೊಂಡದ" ಎಂದಳು. ನೋಡದೆಯೇ ಹೇಳಿದಳು. ಮುಷ್ಟಿ ಬಿಚ್ಚಿದೆ. ಸಾಬೂನು ಹಚ್ಚುವ ಮೊದಲೇ ಕೈ ಹೊರಗೆ ಬಂತು.

"ಮೂರು ಗಂಡಸ್ರು ಕೂಡಿ ಒಂದು ಚಿಮಟಾ ಹಚ್ಚಾಕ ಆಗವಲ್ದು. ಯಾಕಡೆ ಅದ ಅದು? ಬಾಜೂಕ ಸರಿ, ಸರಿ." ಬಂಗಾರದ ಬಿಲ್ವಾರ ತೆಗೆದು ಮಾಮಾನ ಕೈಗೆ ಕೊಟ್ಟಳು. ಗಾಜಿನ ಬಳೆ ಹಾಗೇ ಇರಲಿ ಎಂದಳು.

ಕರೆಂಟು, ಕಿಡಿ, ಸೀರೆ ಸೆರಗು ಎಂದೆಲ್ಲ ನಾನು ಶುರು ಮಾಡಿದೆ. ಟೆಂಪೋದವನು ತಡೆದ: "ಏನೂ ಆಗಂಗಿಲ್ರೀ. ಈ ಕಡಿ ವೈರು ಇನ್ನಾ ನನ್ನ ಕೈಯಾಗೇ ಅದ. ಅವ್ವಾರು ಹಚ್ಚಿ ಕೈ ಹೊರಗ ತೆಗೆದ ಮ್ಯಾಲೇ ನಂ ಬ್ಯಾಟರಿಗೆ ಕೂಡಿಸ್ತೀನಿ."

ಅಕ್ಕನ ಕೈ ಸಂದಿನೊಳಗೆ ಕೌದಿಯ ಪದರಿಗೆ ಸೂಜಿ ಇಳಿದ ಹಾಗೆ ಇಳಿಯಿತು. ಮುಖ ಮಾತ್ರ ಬೇರೆ ಕಡೆ, ಹಿತ್ತಲಿನ ಬಣವೆಯತ್ತ.

"ಎರಡು ಗುಬಟಿ ಅದಾವ. ಒಂದಕ್ಕ ರಬ್ಬರ್ ಟೋಪಿಗಿ ಅದ."

"ಅದೇ ಅವ್ವಾರ! ಟೋಪಿಗಿ ಸರಸ್ರಿ, ಅದಕ್ಕ ಕಚ್ಚಸ್ರಿ."

ಒಂದು ಸಲ ಜಾರಿತು. "ಥೂ, ಇದರ..." ಎಂದಳು. ಎರಡನೆಯ ಸಲ ಒಳಗೆಲ್ಲೋ ಕಟ್ ಎಂದ ಸದ್ದು. ಕೈ ಹೊರಗೆ ಬಂತು, ಮೊಣಕೈ ತನಕ ಕರಿ. ಒಂದು ಬಳೆಯೂ ಒಡೆದಿರಲಿಲ್ಲ.

ಟೆಂಪೋ ಐದು ನಿಮಿಷ ಗುರುಗುಟ್ಟಿತು. ನಾನು ಒಳಗೆ ಕುಳಿತು, ಬ್ರೇಕ್ ಒತ್ತಿ, ಕೀಲಿ ತಿರುವಿದೆ. ಕಾರು ಎರಡು ಸಲ ಕೆಮ್ಮಿ ಎದ್ದಿತು. ನ್ಯೂಟ್ರಲ್ಲಿಗೂ ಬಂತು. ಈಗ ಟೆಂಪೋದವನು ವೈರು ಕಳಚಬೇಕಿತ್ತು, ಕೆಂಪನ್ನು ಮತ್ತೆ ಅಕ್ಕನೇ ತೆಗೆದುಕೊಟ್ಟಳು. ನಾನು ಜೀವಮಾನದಲ್ಲೇ ಅತ್ಯಂತ ಸುಂದರವಾಗಿ ಗಾಡಿಯನ್ನು ಹಿಂದಕ್ಕೆ ತೆಗೆದು ಬಿಸಿಲಲ್ಲಿ ನಿಲ್ಲಿಸಿದೆ.

ಗೆದ್ದೆವೆಂದುಕೊಂಡು ಇಳಿದರೆ ಅಕ್ಕ ಕಟ್ಟೆಯ ಮೇಲೆ ಕುಳಿತುಬಿಟ್ಟಿದ್ದಳು. "ನೋಡ್ದಿಲ್ಲ ತಮ್ಮಾ? ನಾಕು ಕಣ್ಣಿನ ಮಂದಿಗೆ ಆಗದ್ದು ನಾ ಕಣ್ಣಿಲ್ದ ಮಾಡ್ದೆ. ಈಗ ಹೇಳು, ನನಗ ಆಪರೇಷನ್ ಯಾಕ ಬೇಕು?"

ನಾಲ್ಕು ಕಣ್ಣಿನವನು ನಾನೇ, ಕನ್ನಡಕದವನು. ಒಂಬತ್ತೂವರೆ ಆಗಿತ್ತು. ಬ್ಯಾಟರಿಗೆ ಜೀವ ಬರಿಸಿದ ಕೈಯೇ ಆಪರೇಷನ್ನಿನ ಕತ್ತು ಹಿಸುಕುತ್ತಿತ್ತು. ಅವಳ ವಾದದಲ್ಲಿ ತಪ್ಪು ಹುಡುಕಲು ನಾನು ಗಡ್ಡ ಕೆರೆದುಕೊಳ್ಳುತ್ತಿದ್ದೆ.

ಮಾಮಾ ಎದ್ದರು. ಬಿಲ್ವಾರವನ್ನು ಅವಳ ಕೈಗೆ ಹಾಕುತ್ತಾ ಅಂದರು: "ಗಾಡಿ ಚಾಲೂ ಅದ. ಬಂದ್ ಮಾಡಿದ್ರ ಮತ್ತ ಸಾಯ್ತದ. ಕುಂತು ವಾದ ಮಾಡೂ ತನಕಾ ಪೆಟ್ರೋಲ್ ಸುಟಗೋತ ಇರ್ತದ, ಸುಡ್ಲಿ ಬಿಡು."

ಹರಿದ ಸೀರೆಯ ಒಂದು ಚಿಂದಿಯನ್ನೂ ಎಸೆಯದೆ ಕೌದಿ ಹೊಲಿದು ಬದುಕಿದ ಹೆಂಗಸು ಆಕೆ. ಎಂಜಿನ್ನಿನ ಸದ್ದನ್ನು ಒಂದು ನಿಮಿಷ ಕೇಳಿದಳು. ಎರಡನೆಯ ನಿಮಿಷ ಕೇಳಲಾಗಲಿಲ್ಲ.

"ಏನ್ ನಿಂತಿ ಗರ ಬಡದಾಂವನಂಗ? ಬಾಗಿಲಾ ತೆಗಿ!" ಎಂದು ನನ್ನನ್ನೇ ಬೈದು ಕಾರು ಹತ್ತಿದಳು.

ಹಾದಿಯುದ್ದಕ್ಕೂ ನಾನು ಸ್ಟೀರಿಂಗಿನ ಹಿಂದಿನ ಪುಟ್ಟ ದೀಪಗಳಲ್ಲಿ ಯಾವುದು ಕೆಂಪಾಗುತ್ತದೋ ಎಂದು ನೋಡುತ್ತಿದ್ದೆ. ಅಕ್ಕ ಕೇಳಿದಳು: "ಮಹಾಗಾಂವ ಬಂತೇನು?"

"ಹೋತಲ್ಲ ಆಗಲೇ" ಎಂದೆ. ಅದು ಇನ್ನೂ ಮುಂದಿತ್ತು.

"ಸುಳ್ಳ ಹೇಳಬ್ಯಾಡ. ಹಂಪ್ ಬಂದಿಲ್ಲ ಇನ್ನಾ."

ಹಂಪ್ ಬಂತು. ನಿಧಾನ ಮಾಡಲೇಬೇಕು. ಆ ಸಲ ಅವಳು ಬಸ್ಸಿನಿಂದ ಇಳಿದ ಜಾಗ. ಎದುರಿನಿಂದ ಒಂದು ಟೆಂಪೋ ಬೇರೆ ಬರುತ್ತಿತ್ತು. ಅವಳ ಕರಿ ಮೆತ್ತಿದ ಕೈ ಬಾಗಿಲಿನ ಹಿಡಿಕೆಯ ಮೇಲಿರುವುದನ್ನು ಓರೆಗಣ್ಣಿನಿಂದ ನೋಡಿದೆ. ಗಾಡಿ ಕುಲುಕಿತು, ದಾಟಿತು. ಕೈ ಹಿಡಿಕೆಯ ಮೇಲೇ ಇತ್ತು, ಎಳೆಯಲಿಲ್ಲ.

ಹನ್ನೊಂದಕ್ಕೆ ಐದು ನಿಮಿಷವಿರುವಾಗ ಆಸ್ಪತ್ರೆಯ ಅಂಗಳ ಸೇರಿದೆವು. ಮೂಲೆಯ ಬೇವಿನ ಗಿಡದ ಕೆಳಗೆ ಒಂದು ಗಾಡಿಯಷ್ಟು ನೆರಳು ಖಾಲಿ ಇತ್ತು. ಅದನ್ನು ಬಿಟ್ಟು ನಟ್ಟನಡುವೆ, ಸುಡುವ ಬಿಸಿಲಲ್ಲಿ, ಮೂತಿ ಹೊರಗೆ ಮಾಡಿ ನಿಲ್ಲಿಸಿದೆ. ಕೀಲಿಯ ಮೇಲೆ ಕೈ ಇಟ್ಟು ಕುಳಿತೆ. ಬಂದ್ ಮಾಡಲು ಧೈರ್ಯವಾಗಲಿಲ್ಲ. ಮೂವತ್ತು ಮೈಲಿಯೂ ಓಡಿಲ್ಲ, ಬ್ಯಾಟರಿ ಎಷ್ಟು ತುಂಬಿಕೊಂಡಿದೆಯೋ ಏನೋ. ಅಕ್ಕನನ್ನು ಒಳಗೆ ಯಾರು ಕರೆದುಕೊಂಡು ಹೋಗುವುದು, ಹೊರಗೆ ಗಾಡಿ ಯಾರು ಕಾಯುವುದು...

ಅಕ್ಕ ಬಾಗಿಲು ತೆಗೆದು ಒಂದು ಕಾಲು ಹೊರಗಿಟ್ಟಿದ್ದಳು.

"ಬಂದ್ ಮಾಡೋ" ಎಂದಳು. "ನಾ ಬಂದೀನಲ್ಲ. ಇನ್ನ ಅದು ಸತ್ರೂ ನಡೀತದ."