ಅಕ್ಕ ಬುತ್ತಿ ಒಯ್ದ ಮಧ್ಯಾಹ್ನ

ಮಕ್ಕಳೇ, ನಾನು ನಿಮಗಿಂತ ಚಿಕ್ಕವನಿದ್ದಾಗ, ಆರು ವರ್ಷವಿರಬೇಕು, ನಾವು ಮುಂಬೈಯ ಒಂದು ಚಾಳಿನಲ್ಲಿ ಒಂದೇ ಕೋಣೆಯಲ್ಲಿದ್ದೆವು. ಆಗ ಬ್ರಿಟಿಷರ ಆಳ್ವಿಕೆ. ಬಟ್ಟೆ ಮಿಲ್ಲಿನಿಂದ ಅಪ್ಪ ಮೈಗೆಲ್ಲ ಹತ್ತಿಯ ಧೂಳು ಅಂಟಿಸಿಕೊಂಡು ಬರುತ್ತಿದ್ದ. ತಮ್ಮ ಹುಟ್ಟಿ ಹತ್ತು ದಿನವಾಗಿತ್ತು. ಬಾಣಂತಿ ಅವ್ವ ಹೊಸ್ತಿಲು ದಾಟುವ ಹಾಗಿರಲಿಲ್ಲ. ಹನ್ನೊಂದು ವರ್ಷದ ಅಕ್ಕನೇ ರೊಟ್ಟಿ ಬಡಿದು, ದಿನಾ ಮಧ್ಯಾಹ್ನ ಅಪ್ಪನ ಬುತ್ತಿಯನ್ನು ಮಿಲ್ಲಿನ ಗೇಟಿಗೆ ಒಯ್ಯುತ್ತಿದ್ದಳು.

ಆ ವಾರ ಬಂದರಿನಲ್ಲಿ ನೌಕಾಪಡೆಯ ನಮ್ಮ ಸಿಪಾಯಿಗಳು ತಿರುಗಿಬಿದ್ದಿದ್ದರು. ಬೇಳೆಯಲ್ಲಿ ಕಲ್ಲು, ಕೇಳಿದರೆ ಬೈಗುಳ. ಸಾಕಾಗಿ ತಟ್ಟೆ ಸರಿಸಿ ಎದ್ದರು, ಹಡಗುಗಳ ಮೇಲಿದ್ದ ಬ್ರಿಟಿಷ್ ಬಾವುಟ ಇಳಿಸಿದರು. ಬಿಳಿ ಸೈನ್ಯ ಅವರನ್ನು ಸುತ್ತುಗಟ್ಟಿದಾಗ ಊರಿನ ಜನ ರೊಟ್ಟಿ, ಬಾಳೆಹಣ್ಣು ಹೊತ್ತು ಬಂದರಿಗೆ ಓಡಿದರು. ಆಮೇಲೆ ಮಿಲ್ಲು, ಟ್ರಾಮು, ಅಂಗಡಿ ಎಲ್ಲ ನಿಂತವು.

ಎಲ್ಲ ನಿಂತ ಆ ಮೊದಲ ದಿನ ಬೆಳಿಗ್ಗೆ ನಲ್ಲಿಯ ಹತ್ತಿರ ಅಪ್ಪ ಪಕ್ಕದ ಕೋಣೆಯವರಿಗೆ ಹೇಳುತ್ತಿದ್ದ, "ನಿನ್ನಿತನಕ ಅದು ಅವರ ಊಟದ ಜಗಳ. ಇವತ್ತಿಂದ ನಮ್ಮದು. ಮಿಲ್ಲಿಗೆ ಯಾರೂ ಹೋಗೂದಿಲ್ಲ, ಮೆರವಣಿಗಿಗೆ ಹೋಗೂದು." ನನ್ನನ್ನು ಕಂಡು ಮೆಲ್ಲಗೆ ಕಿವಿ ಹಿಂಡಿದ. "ಮನ್ಯಾಗ ಹೇಳಬ್ಯಾಡ. ನಿಮ್ಮವ್ವ ಹಸಿ ಬಾಣಂತಿ, ಅಂಜ್ತಾಳ. ಗಂಡಸಲ್ಲೇನು ನೀ?"

ಮಧ್ಯಾಹ್ನ ಅಕ್ಕ ಬಿಸಿ ರೊಟ್ಟಿ, ಬೆಳ್ಳುಳ್ಳಿ ಚಟ್ನಿ ಅರಿವೆಯಲ್ಲಿ ಕಟ್ಟಿದಳು. ಮಿಲ್ಲಿನಲ್ಲಿ ಅಪ್ಪ ಇಲ್ಲವೆಂದು ನನಗೆ ಗೊತ್ತಿತ್ತು. ತುಟಿ ಬಿಗಿದು ಕೂತೆ. ಗುಟ್ಟು ಕಾದೆ ಅಂತ ಒಳಗೊಳಗೇ ಹಿಗ್ಗಿದೆ. ಅಕ್ಕ ಮೆಟ್ಟಿಲಿಳಿದು ಹೋದಳು.

ಸ್ವಲ್ಪ ಹೊತ್ತಿಗೆ ಪಟಾಕಿಯಂಥ ಸದ್ದು. ಲಾರಿಯಲ್ಲಿ ಬಂದ ಬಿಳಿ ಸಿಪಾಯಿಗಳು ಮಿಲ್ಲಿನ ಬೀದಿಯಲ್ಲಿ ಗುಂಡು ಹಾರಿಸಿದ್ದರು. ಸಂಜೆ ಅಪ್ಪ ಅಕ್ಕನನ್ನು ಎತ್ತಿಕೊಂಡು ಬಂದ. ಅವಳಿಗೆ ಉಸಿರಿರಲಿಲ್ಲ. ಬುತ್ತಿಯ ಗಂಟು ಇನ್ನೂ ಬಿಚ್ಚಿರಲಿಲ್ಲ. ಅಪ್ಪ ಅವ್ವನ ಮುಖ ನೋಡಲಿಲ್ಲ, ನನ್ನ ಮುಖವನ್ನೂ ನೋಡಲಿಲ್ಲ. ಮರುವರ್ಷ ಸ್ವಾತಂತ್ರ್ಯ ಬಂದಾಗ ಚಾಳಿನವರೆಲ್ಲ ಪೇಢೆ ಹಂಚಿದರು. ನಮ್ಮ ಕೋಣೆಯಲ್ಲಿ ಯಾರೂ ಬಾಯಿಗಿಡಲಿಲ್ಲ.

ಈಗ ಇಲ್ಲಿ ಅಮೆರಿಕದ ಕಮ್ಮಿಂಗ್‌ನಲ್ಲಿ ಮನೆಮುಂದೆ ನಿಮ್ಮ ಹಳದಿ ಸ್ಕೂಲ್ ಬಸ್ಸು ನಿಂತರೆ ನನ್ನ ಜೀವ ಕುಣಿಯುತ್ತದೆ, ಮಕ್ಕಳೇ. ಸೋಮವಾರ ನಿಮ್ಮಲ್ಲಿ ಚಿಕ್ಕವಳು ಇಳಿದವಳೇ ನನ್ನ ಕಿವಿಯಲ್ಲಿ ಹೇಳಿದಳು, "ಅಜ್ಜಾ, ಇವತ್ತು ಸ್ಕೂಲಲ್ಲಿ ಲಾಕ್‌ಡೌನ್. ಯಾರೋ ಗನ್ ತಂದಿದ್ದಾರೆ ಅಂತ ಬಾಗಿಲು ಹಾಕಿ ಡೆಸ್ಕ್ ಕೆಳಗೆ ಕೂರಿಸಿದ್ರು. ಡ್ರಿಲ್ ಅಲ್ಲ, ರಿಯಲ್. ನಾನು ಅತ್ತಿದ್ದು ಅಮ್ಮಂಗೆ ಹೇಳ್ಬೇಡ, ಅವಳು ವರಿ ಮಾಡ್ತಾಳೆ."

ನಾನು ನೆಟ್ಟಗೆ ಒಳಗೆ ಹೋಗಿ ಹೇಳಿಬಿಟ್ಟೆ. ನಿಮ್ಮಮ್ಮ ಲ್ಯಾಪ್‌ಟಾಪ್ ಮುಚ್ಚಿ ಓಡಿಬಂದು ಅವಳನ್ನು ತಬ್ಬಿಕೊಂಡಳು. ಅಂದಿನಿಂದ ಚಿಕ್ಕವಳು ನನ್ನ ಜೊತೆ ಮಾತು ಬಿಟ್ಟಿದ್ದಾಳೆ. ಇರಲಿ ಪುಟ್ಟಿ, ಎಷ್ಟು ದಿನ ಬೇಕಾದರೂ ಮುನಿಸಿಕೋ. ನೀನು ಬಸ್ಸಿಳಿದು ದಪದಪ ಒಳಗೆ ಬಂದರೆ ಸಾಕು, ನನಗೆ ಅದೇ ಹಬ್ಬ.